ಅವರೆ ಹುಳುವಿಗೆ ಬಂದವನು

ನಮ್ಮ ಸೀಮೆಯಲ್ಲಿ ಹಕ್ಕಿಯ ಮಾತು ಬಂತೆಂದರೆ ಎಲ್ಲರೂ ಕೈ ತೋರಿಸುವುದು ಶ್ರೀರಂಗಪಟ್ಟಣದ ಕಡೆಗೆ. ರಂಗನತಿಟ್ಟು ಅಷ್ಟು ಹೆಸರಾದ ಜಾಗ. ಕಾವೇರಿಯ ನಡುಗಡ್ಡೆಗಳ ಹೊಳೆಮತ್ತಿ ಮರ, ಬಿದಿರುಮೆಳೆಗಳ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ, ಹಾವಕ್ಕಿ, ಇರುಳು ಬಕ. ಪಾಂಡವಪುರದಲ್ಲಿ ಟೀಚರಾಗಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ದೋಣಿಯವರು ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ತೋರಿಸಿದ ಕೂಡಲೇ ಮಕ್ಕಳು ಹಕ್ಕಿಯನ್ನೆಲ್ಲ ಮರೆತುಬಿಡುತ್ತಿದ್ದರು. ನನಗೂ ಆ ಸಾವಿರದಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ನೋಡಬೇಕು ಅನ್ನಿಸಿದ್ದಿಲ್ಲ. ಗುಂಪು ಸೊಗಸಾಗಿತ್ತು, ಅಷ್ಟು ಸಾಕಾಗಿತ್ತು.

ಒಂದೇ ಒಂದು ಹಕ್ಕಿಯನ್ನು, ಅದರ ಜಾತಿಯನ್ನಲ್ಲ, ಅದನ್ನೇ ಗುರುತು ಹಿಡಿಯುವುದನ್ನು ನಾನು ಕಲಿತದ್ದು ನಿವೃತ್ತಿಯಾದ ಮೇಲೆ, ನಮ್ಮ ಅತ್ತೆಯಿಂದ. ಅವರು ಆವರೆಗೆ ಯಾವ ಪಕ್ಷಿಧಾಮವನ್ನೂ ನೋಡಿದವರಲ್ಲ. ಅವರ ಸ್ನೇಹಕ್ಕೆ ಬಂದದ್ದು ಬರೀ 35 ಗ್ರಾಂ ಆಸುಪಾಸು ತೂಗುವ ಒಂದು ಮಡಿವಾಳ ಹಕ್ಕಿ.

ಅದಕ್ಕೆ ಮುಂಚೆ ಹಕ್ಕಿಗಳು ನನ್ನ ಬದುಕಿನಲ್ಲಿ ಇರಲಿಲ್ಲವೆಂದಲ್ಲ. ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಬೆದ್ದಲು ಸೀಮೆಯಲ್ಲಿ, ಆದಿಚುಂಚನಗಿರಿಗೆ ನಡೆದು ಹೋಗುವಷ್ಟು ಹತ್ತಿರ. ಆ ಬೆಟ್ಟ 1981ರಲ್ಲಿ ನವಿಲುಧಾಮವೆಂದು ಸರ್ಕಾರದ ಕಾಗದದಲ್ಲಿ ಸೇರಿತು. ನಾನು ಚಿಕ್ಕವಳಿದ್ದಾಗ ಅದು ಭೈರವನ ಬೆಟ್ಟ, ನವಿಲುಗಳು ಭೈರವನವು. ಹುರುಳಿ ಹೊಲಕ್ಕೆ ಅವು ಇಳಿದವೆಂದರೆ ಕಾಳು ಮನೆಗೆ ಬರುವುದು ಕಷ್ಟ. ನನ್ನ ಅಜ್ಜಿ ಕೈಯಲ್ಲಿ ಹಳೇ ತಟ್ಟೆ, ಕೋಲು ಕೊಟ್ಟು ಕಾವಲಿಗೆ ಕಳಿಸೋಳು. "ಓಡ್ಸು, ಹೊಡೀಬ್ಯಾಡ ಕಣಮ್ಮಿ" ಅನ್ನೋಳು. ಅದೇ ಊರಿನಲ್ಲಿ ಗೌಜಲಕ್ಕಿಗೆ ಉರುಲು ಒಡ್ಡುವವರೂ ಇದ್ದರು, ಸಾರು ಮಾಡಿ ಉಣ್ಣುವವರೂ ಇದ್ದರು. ದೇವರ ಹಕ್ಕಿ, ಬಾಣಲೆಯ ಹಕ್ಕಿ, ಫಸಲು ತಿನ್ನುವ ಹಕ್ಕಿ: ಮೂರೂ ಬಗೆ ನಮಗೆ ಗೊತ್ತಿದ್ದವು. ಪರಿಚಯದ ಹಕ್ಕಿ ಎನ್ನುವ ಬಗೆಯೊಂದು ಇರಲಿಲ್ಲ.

ಮೊದಲ ಕೆಲಸ ಸಿಕ್ಕಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು ಎಂಬ ಹೆಮ್ಮೆಯಿಂದ ಹೋದೆ. ಬಾಡಿಗೆ ಮನೆಯ ದಾಸವಾಳದ ಗಿಡದಲ್ಲಿ ಒಂದು ಜೋಡಿ ಪಿಕಳಾರ ಗೂಡು ಕಟ್ಟಿದ್ದವು. ಒಂದು ಮಧ್ಯಾಹ್ನ ಕೆಂಬೂತ ಬಂದು ಮರಿಗಳನ್ನು ಎತ್ತಿಕೊಂಡು ಹೋಯಿತು. ಅಂದು ಊಟ ಸೇರಲಿಲ್ಲ. ಆದರೆ ಸ್ವಲ್ಪ ದಿನಕ್ಕೇ ಆ ಜೋಡಿ ಇನ್ನೊಂದು ಗಿಡಕ್ಕೆ ನಾರು ಹೊರತೊಡಗಿದವು, ನಾನೂ ಮರೆತೆ.

2014ರಲ್ಲಿ ನಿವೃತ್ತಿಯಾದೆ. ಅದರ ಹಿಂದಿನ ವರ್ಷ ಮಾವ ತೀರಿಕೊಂಡಿದ್ದರು. ನಮ್ಮ ಯಜಮಾನರು ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬಂದರು. ತಿಥಿಯ ದಿನ ಎಡೆ ಇಟ್ಟು ಕಾಗೆಗೆ ಕಾದೆವು. ಕಾಗೆ ಎಷ್ಟು ಹೊತ್ತಾದರೂ ಬರಲೊಲ್ಲದು. ನೆಂಟರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅತ್ತೆ, "ಅವ್ರು ಯಾವತ್ತು ಹೊತ್ಗೆ ಸರ್ಯಾಗಿ ಉಂಡವ್ರೆ? ಬತ್ತಾರೆ ಸುಮ್ಕಿರಿ" ಅಂದರು. ಆಮೇಲೆ ಊರಿನ ಮನೆಗೆ ಬೀಗ ಹಾಕಿ ಅವರನ್ನು ಪಾಂಡವಪುರಕ್ಕೆ ಕರೆದುಕೊಂಡು ಬಂದೆವು.

ನಮ್ಮ ಮನೆ ಊರಿನ ಅಂಚಿಗೆ. ಹಿಂದೆ ವಿಶ್ವೇಶ್ವರಯ್ಯ ನಾಲೆಯ ಕವಲೊಂದು ಹರಿಯುತ್ತದೆ, ಆಚೆಗೆ ಕಬ್ಬು, ಭತ್ತದ ಗದ್ದೆ. ಹಿತ್ತಲಲ್ಲಿ ಎರಡು ತೆಂಗು, ಸೀಬೆ, ನುಗ್ಗೆ, ಕರಿಬೇವು, ದಾಸವಾಳ, ಒಂದು ಬಟ್ಟೆ ಒಗೆಯುವ ಕಲ್ಲು. ಕಾಂಪೌಂಡು ಹಳೇ ಕಾಲದ ಕಲ್ಲುಮಣ್ಣಿನದು. ದುಡಿದೇ ಬದುಕಿದ ಜೀವಕ್ಕೆ ಪಟ್ಟಣದ ಮನೆಯಲ್ಲಿ ಕೈ ಖಾಲಿಯಾಯಿತು. ಬೆಳಗಾದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಏನಾದರೂ ಹಸನು ಮಾಡೋರು. ಆ ಚಳಿಗಾಲ ಅವರೆಕಾಯಿ ಸುಲಿಯುವ ಕೆಲಸ ಅವರದಾಯಿತು. ಸೊಗಡಿನ ಕಾಯಿ ಎಂದಮೇಲೆ ಹುಳು ಇದ್ದೇ ಇರುತ್ತದೆ. ಸಿಪ್ಪೆ ಬಿಡಿಸಿದಾಗ ಸಿಕ್ಕ ಹಸಿರು ಹುಳುವನ್ನು ಅತ್ತೆ ಎರಡು ಬೆರಳಲ್ಲಿ ಹಿಡಿದು ಅಂಗಳಕ್ಕೆ ಎಸೆಯೋರು. ಗೋಡೆಯ ಮೇಲೆ ಕೂತಿದ್ದ ಕಪ್ಪುಬಿಳುಪಿನ ಹಕ್ಕಿಯೊಂದು ಸರ್ರನೆ ಇಳಿದು ಅದನ್ನು ಎತ್ತಿಕೊಂಡು ಮತ್ತೆ ಗೋಡೆಗೆ ಹೋಯಿತು. ಇನ್ನೊಂದು ಎಸೆದರು, ಇನ್ನೊಮ್ಮೆ ಇಳಿಯಿತು.

ಅಲ್ಲಿಂದ ಶುರು. ಅತ್ತೆ ಅದನ್ನು ಕರೆಯಲೂ ಇಲ್ಲ, ಬೆನ್ನು ಹತ್ತಲೂ ಇಲ್ಲ. ಹುಳುವನ್ನು ಮಾತ್ರ ಒಂದೊಂದು ಗೇಣು ಹತ್ತಿರಕ್ಕೆ ಎಸೆಯುತ್ತ ಬಂದರು. ಗೋಡೆಯಿಂದ ಒಗೆಯುವ ಕಲ್ಲಿಗೆ, ಕಲ್ಲಿನಿಂದ ಕೆಳಗಿನ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮೊರದ ಅಂಚಿಗೆ ಅವನು ಬರುವಷ್ಟರಲ್ಲಿ ಅವರೆ ಸುಗ್ಗಿ ಮುಗಿಯುತ್ತ ಬಂದಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಯಾವ ಉಪದೇಶದ ಧಾಟಿಯೂ ಇಲ್ಲದೆ ಅತ್ತೆ ಹೇಳಿದ ಒಂದು ಮಾತು ನೆನಪಿದೆ: "ಕಣ್ಣಲ್ಲಿ ಕಣ್ಣಿಟ್ಟು ನೋಡ್ಬ್ಯಾಡ ಕಣವ್ವ, ಹಿಡಿಯೋಕೆ ಕೂತವ್ಳೆ ಅನ್ಕತದೆ." ಹಕ್ಕಿಯ ಸ್ನೇಹ ಬೇಕಿದ್ದವರಿಗೆ ಇದಕ್ಕಿಂತ ಹೆಚ್ಚಿನ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಎಷ್ಟು ಹತ್ತಿರ ಬರಬೇಕು ಎನ್ನುವುದನ್ನು ತೀರ್ಮಾನಿಸುವುದು ಅದು. ನಾವು ಕೂತಲ್ಲಿ ಕೂತಿರಬೇಕು.

ಕೊನೆಗೊಂದು ಬೆಳಿಗ್ಗೆ ಅವನು ಅತ್ತೆಯ ಅಂಗೈಗೇ ಬಂದ. ಮುಂದೆ ನನ್ನ ಕೈಗೂ ಬಂದ. ಕೂತ ಭಾರ ಗೊತ್ತೇ ಆಗುವುದಿಲ್ಲ, ಉಗುರು ಮಾತ್ರ ತಣ್ಣಗೆ ಚರ್ಮಕ್ಕೆ ತಾಗುತ್ತದೆ. ಬಾಲ ಮೇಲಕ್ಕೆ ನಿಗುರಿಸಿ, ತಲೆ ಓರೆ ಮಾಡಿ ಒಂದು ಕಣ್ಣಿನಿಂದ ನೋಡಿ, ಹುಳು ಕಚ್ಚಿಕೊಂಡು ಹಾರುವಾಗ ರೆಕ್ಕೆಯ ಗಾಳಿ ಮಣಿಕಟ್ಟಿಗೆ ಬಡಿಯುತ್ತದೆ. ಆಗ ಕಂಡಿದ್ದು: ಅವನ ಎಡಗಾಲಿನ ಹಿಂಬೆರಳು ಇರಲಿಲ್ಲ. ಯಾವುದೋ ದಾರ, ಕೂದಲು ಸುತ್ತಿಕೊಂಡು ಉದುರಿತ್ತೋ ಏನೋ. ಹಾಗಾಗಿ ಆ ಕಡೆಯ ಹಿಡಿತ ಸ್ವಲ್ಪ ಸಡಿಲ. ಅತ್ತೆ ಅವನನ್ನು ಕರಿಯ ಅಂದರು. ನಾವೆಲ್ಲರೂ ಹಾಗೇ ಅಂದೆವು.

ತೇಜಸ್ವಿಯವರ "ಕನ್ನಡ ನಾಡಿನ ಹಕ್ಕಿಗಳು" ತೆಗೆದು ಅತ್ತೆಗೆ ಚಿತ್ರ ತೋರಿಸಿದೆ. ಅವರು ಹೊಳೆಯುವ ಕಪ್ಪು ಮೈ, ಬಿಳಿ ಹೊಟ್ಟೆ, ರೆಕ್ಕೆಯ ಬಿಳಿ ಪಟ್ಟಿ ಎಲ್ಲ ನೋಡಿ, "ಇದು ಇವನ ಜಾತಿ. ಇವನಲ್ಲ" ಅಂದು ಪುಸ್ತಕ ವಾಪಸು ಕೊಟ್ಟರು.

ವರ್ಷ ಪೂರ್ತಿ ಅವನು ಒಂದೇ ತೆರನಾಗಿ ಇರುತ್ತಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಹಾಡು ಶುರು. ದೇವಸ್ಥಾನದ ಮೈಕಿನ ಸುಪ್ರಭಾತಕ್ಕೂ ಮುಂಚೆ, ಇನ್ನೂ ಕತ್ತಲಿರುವಾಗಲೇ ತೆಂಗಿನ ಸುಳಿಯ ಮೇಲೋ ಕರೆಂಟು ಕಂಬದ ಮೇಲೋ ಕೂತು ಸಿಳ್ಳೆ ಎತ್ತುತ್ತಿದ್ದ. ಮಡಿವಾಳ ಹಕ್ಕಿಗಳು ಬೇರೆ ಹಕ್ಕಿಗಳ ಕೂಗನ್ನೂ ಕಲಿತು ತಮ್ಮ ಹಾಡಿಗೆ ಸೇರಿಸಿಕೊಳ್ಳುತ್ತವೆ. ಕರಿಯ ಉದ್ದದ ಸಿಳ್ಳೆಯ ಕೊನೆಗೆ ಗದ್ದೆಬಯಲಿನ ಟಿಟ್ಟಿಭದ ಕೂಗನ್ನು ಸಣ್ಣ ದನಿಯಲ್ಲಿ ಒಂದೆರಡು ಸಲ ಅಂದು ನಿಲ್ಲಿಸುತ್ತಿದ್ದ. ನಿದ್ದೆಗಣ್ಣಲ್ಲಿ ಕೇಳಿದರೂ ಇವನೇ ಎಂದು ಗೊತ್ತಾಗುತ್ತಿತ್ತು. ಆ ದಿನಗಳಲ್ಲಿ ಅವನ ಸಿಟ್ಟೂ ಜಾಸ್ತಿ. ಯಜಮಾನರ ಸ್ಕೂಟರಿನ ಕನ್ನಡಿಯೊಳಗೆ ಕಾಣುವ ಗಂಡಿನ ಜೊತೆ ದಿನವಿಡೀ ಜಗಳ. ಕೊಕ್ಕು ನೊಂದೀತೆಂದು ಎರಡೂ ಕನ್ನಡಿಗೆ ಬಟ್ಟೆಯ ಚೀಲ ಕಟ್ಟುತ್ತಿದ್ದೆವು. ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ನಡುವೆ ನಾಲೆ ಒಣಗಿರುತ್ತದೆ. ಮೂಲೆ ಸೇರಿದ್ದ ಹಳೇ ಒರಳುಕಲ್ಲನ್ನು ಸೀಬೆ ಮರದಡಿಗೆ ಉರುಳಿಸಿ ನೀರು ತುಂಬಿದೆವು. ಅವನಿಗೆ ಅದೇ ಬಚ್ಚಲು. ಮಿಂದೆದ್ದಾಗ ತಲೆಯ ಪುಕ್ಕವೆಲ್ಲ ಅಂಟಿಕೊಂಡು ನಡುವೆ ನಸುಗೆಂಪು ಚರ್ಮ ಕಾಣುತ್ತಿತ್ತು. ಆ ರೂಪದಲ್ಲಿ ಅವನನ್ನು ನೋಡಿದವರು ನಾವು ಕೆಲವರೇ.

ಮಳೆಗಾಲ ಜೋರಾಗುವ ಹೊತ್ತಿಗೆ ಹಾಡು ನಿಂತು, ಹಳೇ ಪುಕ್ಕ ಉದುರಿ, ಅವನು ಪೊದೆಯ ಒಳಗೊಳಗೇ ಓಡಾಡುವ ಕಾಲ ಬರುತ್ತಿತ್ತು. ಎಷ್ಟೋ ದಿನ ಕೈ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ನನಗೆ ಕಳವಳ. ಅತ್ತೆಗಿಲ್ಲ. ಅವರೆ ಹೂ ಬಿಡುವ ಹೊತ್ತಿಗೆ ಬಂದೇ ಬರುತ್ತಾನೆ ಎಂದು ಅವರಿಗೆ ನಂಬಿಕೆ, ಬರುತ್ತಲೂ ಇದ್ದ.

ಗೋಡೆಯಲ್ಲಿ ಒಂದು ಕಲ್ಲು ಕಳಚಿ ಬಿದ್ದು ಪೊಟರೆಯಾಗಿದ್ದ ಕಡೆ ಅವನ ಸಂಸಾರ. ಹೆಣ್ಣು ಬೂದು ಬಣ್ಣದ್ದು, ಬಲು ಸಂಕೋಚದ್ದು. ಕಾವಿಗೆ ಕೂರುವುದು ಅದೊಂದೇ. ಗಂಡು ಸುತ್ತ ಕಾವಲಿರುತ್ತದೆ, ಮರಿಯಾದ ಮೇಲೆ ಇಬ್ಬರೂ ಹುಳು ತರುತ್ತಾರೆ. ಟಾರ್ಚು ಹಾಕಿ ಒಮ್ಮೆ ನೋಡಿದ್ದೆ: ಒಣಹುಲ್ಲು, ತೆಂಗಿನ ನಾರಿನ ಮೇಲೆ ತಿಳಿ ಹಸಿರುನೀಲಿ ಮೊಟ್ಟೆಗಳು, ಮೇಲೆ ಕಂದು ಚುಕ್ಕೆ. ಬೀದಿಯ ಬೆಕ್ಕುಗಳು ಹತ್ತದಂತೆ ಪೊಟರೆಯ ಕೆಳಗೆಲ್ಲ ಅತ್ತೆ ಜಾಲಿಮುಳ್ಳು ಹಾಸಿಸಿದರು.

2018ರ ಮೇ ತಿಂಗಳು. ಬೇಸಿಗೆಯ ಮಳೆ ನಮ್ಮ ಕಡೆ ಬರುವುದೇ ಗಾಳಿಯ ಜೊತೆ. ಆ ಸಂಜೆ ಪಶ್ಚಿಮದಿಂದ ಎದ್ದ ಗಾಳಿಗೆ ತೆಂಗಿನ ಗರಿಗಳು ಮುರಿದು ಬಿದ್ದವು, ಕರೆಂಟು ಹೋಯಿತು, ಆಲಿಕಲ್ಲು ಹೆಂಚಿನ ಮೇಲೆ ಸುರಿದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಪೊಟರೆಯೊಳಗೆ ಆಗ ಕಣ್ಣು ಬಿಟ್ಟ ಮರಿಗಳಿದ್ದವು.

ಬೆಳಿಗ್ಗೆ ಹಾಡು ಕೇಳಲಿಲ್ಲ. ಸೀಬೆ ಮರದ ಕೆಳಗೆ, ಉದುರಿದ ಎಲೆಗಳ ನಡುವೆ ಅವನು ಮಗ್ಗುಲಾಗಿ ಬಿದ್ದಿದ್ದ. ಮೈಮೇಲೆ ಗಾಯವಿರಲಿಲ್ಲ. ಅದು ಬೇರೆ ಯಾವುದೋ ಇರಬಹುದೆಂದು ನಾನು ಎಡಗಾಲನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಹಿಂಬೆರಳು ಇರಲಿಲ್ಲ.

ಅತ್ತೆ ಅಳಲಿಲ್ಲ. ಸೆರಗಿನ ತುದಿಯಿಂದ ಅವನ ಮೈಮೇಲಿನ ಮಣ್ಣು ಒರೆಸಿದರು. ಕರಿಬೇವಿನ ಬುಡದಲ್ಲಿ ಕುಡುಗೋಲಿನಿಂದ ತಾವೇ ಗುಳಿ ತೋಡಿ, ಒಂದು ಬಾಳೆ ಎಲೆಯಲ್ಲಿ ಸುತ್ತಿ ಇಟ್ಟು ಮಣ್ಣು ಮುಚ್ಚಿದರು, ನಾಯಿ ಕೆದಕದಂತೆ ಮೇಲೊಂದು ಚಪ್ಪಡಿ ಎಳೆಸಿದರು. ಅಂದು ಮಧ್ಯಾಹ್ನ ಮನೆಗೆ ಬಂದ ನೆಂಟರೊಬ್ಬರು ವಿಷಯ ಕೇಳಿ, "ಅಯ್ಯೋ, ಒಂದು ಹಕ್ಕಿಗೆ ಇಷ್ಟೊಂದಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹಸು ಸತ್ತರೆ ನಮ್ಮಲ್ಲಿ ನೆರೆಹೊರೆಯವರು ಬಂದು ಕೂರುತ್ತಾರೆ, ನಾಯಿ ಸತ್ತರೂ ಎರಡು ಮಾತಾಡುತ್ತಾರೆ. ಕಾಡಿನದೂ ಅಲ್ಲದ, ಮನೆಯದೂ ಅಲ್ಲದ ಹಿತ್ತಲ ಹಕ್ಕಿಗೆ ಏನು ಹೇಳಬೇಕೆಂದು ಯಾರಿಗೂ ತಿಳಿದಿಲ್ಲ. ನನ್ನೆದೆಯಲ್ಲಿ ಕೂತ ಭಾರ ಎಷ್ಟು ದೊಡ್ಡದೆಂದು ನಾನು ಹೇಳಿದರೂ ಅತಿಯೆನ್ನಿಸುತ್ತದೆ ಎಂದು ಸುಮ್ಮನಿದ್ದೆ.

ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಲೋಟದಲ್ಲಿ ಹಾಲು ಬಗ್ಗಿಸಿಕೊಂಡು, ತುಪ್ಪದ ಡಬ್ಬ ಕೇಳಿದರು. ಯಾಕೆಂದು ನಾನು ಕೇಳುವಷ್ಟರಲ್ಲಿ ಹಿಂಬಾಗಿಲು ದಾಟಿದ್ದರು. ಚಪ್ಪಡಿಯ ಮೇಲೆ ಹಾಲು ತುಪ್ಪ ಬಿಟ್ಟು, ಎರಡು ದಾಸವಾಳ ಇಟ್ಟು, ಸ್ವಲ್ಪ ಹೊತ್ತು ನಿಂತರು. ನಮ್ಮ ಕಡೆ ಮನುಷ್ಯರಿಗೆ ಮೂರನೇ ದಿನ ಮಾಡುವುದು ಅದನ್ನು. ವಾಪಸು ಬಂದು ಮೆಟ್ಟಿಲ ಮೇಲೆ ಕೂತು ಅಂದರು: "ದೊಡ್ಡವ್ರಿಗೆ ಇಕ್ಕುದ್ರೆ ಕಾಗೆ ಬಂದು ತಿಂತದೆ. ಇವ್ನಿಗೆ ಇಕ್ಕುದ್ರೆ ಯಾರ್ನ ಕಾಯೋದು?" ಆಗ ಅತ್ತರು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಮಾವ ಹೋದಾಗ ತಡೆದುಕೊಂಡದ್ದೂ ಆ ಅಳುವಿನಲ್ಲಿ ಸೇರಿತ್ತು ಎಂದು ನನಗನ್ನಿಸಿತು. ಆದರೆ ಅದಷ್ಟೇ ಅಲ್ಲ. ಅದು ಕರಿಯನಿಗಾಗಿಯೇ ಇದ್ದ ಅಳು.

ದುಃಖಕ್ಕೆ ಪುರುಸೊತ್ತು ಕೊಡದ ಕೆಲಸವೂ ಇತ್ತು. ಹೆಣ್ಣೊಂದೇ ಈಗ ಮರಿಗಳಿಗೆ ಹುಳು ಹೊರಬೇಕು. ಮರಿಗಳನ್ನು ಒಳಗೆ ತಂದು ಸಾಕಿ ಎಂದು ಪಕ್ಕದ ಹುಡುಗ ಹೇಳಿದ. ತಾಯಿ ಬದುಕಿ ಬಂದು ಹೋಗುತ್ತಿರುವಾಗ ಗೂಡಿಗೆ ಕೈ ಹಾಕುವುದು ಮರಿಗಳನ್ನು ಕೊಂದ ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ನಮ್ಮ ನಾಡಿನ ಕಾಡುಹಕ್ಕಿಗಳನ್ನು ಹಿಡಿದು ಮನೆಯಲ್ಲಿಡಲು ಬಿಡುವುದಿಲ್ಲ. ನಾವು ಮಾಡಿದ್ದು ಇಷ್ಟೇ: ತಿಪ್ಪೆಗುಂಡಿ ಕೆದಕಿ ಗೊಣ್ಣೆಹುಳು ಆರಿಸಿ, ಚಿಕ್ಕವನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಒಳಗೆ ಬಂದು ಬಾಗಿಲು ಹಾಕಿಕೊಳ್ಳುವುದು. ಹೆಣ್ಣು ನಮ್ಮ ಕೈಗೆ ಬರುವಂಥದಲ್ಲ. ಬಾಗಿಲು ಮುಚ್ಚಿದ ಸದ್ದಾದ ಮೇಲೆ ಇಳಿದು ಬಂದು ಎತ್ತಿಕೊಳ್ಳುತ್ತಿತ್ತು. ಕತ್ತಲಾಗುವವರೆಗೂ ಅದು ಓಡಾಡುವುದನ್ನು ನೋಡಿ ಅತ್ತೆ, "ನಾನೂ ಹಿಂಗೇ ದುಡ್ದಿದೀನಿ" ಅಂದರು. ಎದೆಯ ಮೇಲೆ ಚುಕ್ಕೆಚುಕ್ಕೆಯಿದ್ದ ಮೂರು ಮರಿಗಳು ಹೊರಬಿದ್ದವು. ಕೆಲವು ದಿನ ದಾಸವಾಳದ ಪೊದೆಯಲ್ಲಿ ಚೀರುತ್ತಿದ್ದು ಆಮೇಲೆ ಎತ್ತಲೋ ಹೋದವು.

ಗಂಡಿಲ್ಲದ ಜಾಗವನ್ನು ಹಕ್ಕಿಲೋಕ ಖಾಲಿ ಬಿಡುವುದಿಲ್ಲ. ಹಾಡಿಗೆ ಎದುರು ಹಾಡು ಕೇಳದಿದ್ದರೆ ಆಚೆಯ ಗಂಡು ಒಳಗೆ ಕಾಲಿಡುತ್ತದೆ. ನಮ್ಮ ತೆಂಗಿನ ಮರದ ಮೇಲೂ ಸ್ವಲ್ಪ ದಿನಕ್ಕೇ ಒಬ್ಬ ಬಂದು ಸಿಳ್ಳೆ ಹಾಕಿದ. ಬೀದಿಯವರು ಸಂತೋಷದಿಂದ ಬಂದು, "ಅಜ್ಜೀ, ನಿಮ್ಮ ಹಕ್ಕಿ ಬಂತಲ್ಲ" ಅಂದರು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಅವ್ನಲ್ಲ ಕಣವ್ವ, ಕೊನೇಲಿ ಟಿಟ್ಟಿಭ ಇಲ್ಲ" ಅಂದರು.

ಜಾತಿ ಉಳಿದಿದೆ, ಹಿತ್ತಲು ಬರಿದಾಗಿಲ್ಲ ಎನ್ನುವುದು ನಿಜವಾದ ಸಮಾಧಾನವೇ. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅದು ಬೇರೆಯದೇ ಸಮಾಧಾನ, ಕರಿಯ ಹೋದ ನೋವಿಗೆ ಅದನ್ನು ಮದ್ದೆಂದು ಹಚ್ಚಲಾಗದು. ಒಂದು ಹಕ್ಕಿ ನಮ್ಮನ್ನು ಗುರುತಿಸಿ, ಇಡೀ ಬೀದಿಯಲ್ಲಿ ನಮ್ಮ ಕೈಯನ್ನೇ ಆರಿಸಿಕೊಂಡು ಬಂದಿತ್ತು. ಬಂದದ್ದು ಮಡಿವಾಳ ಹಕ್ಕಿಗಳ ಕುಲವಲ್ಲ. ಹಾಗಾಗಿ ಹೋದದ್ದೂ ಕುಲವಲ್ಲ.

ಇದನ್ನು ನನಗಿಂತ ಮುಂಚೆ ಬೇರೆ ದೇಶದಲ್ಲಿ ಒಬ್ಬಾಕೆ ಬಲ್ಲವಳಾಗಿದ್ದಳು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಡಿಚ್ಲಿಂಗ್ ಎಂಬ ಊರಿನಲ್ಲಿ ಲೆನ್ ಹೋವರ್ಡ್ ಎಂಬ ಸಂಗೀತಗಾರ್ತಿ ಲಂಡನ್ನಿನ ಸಂಗೀತದ ಬದುಕು ಬಿಟ್ಟು ಬಂದು, ಕಿಟಕಿಗಳನ್ನು ತೆರೆದಿಟ್ಟು ತೋಟದ ಹಕ್ಕಿಗಳ ಜೊತೆ ವಾಸ ಮಾಡಿದಳು. ಪ್ರತಿಯೊಂದನ್ನೂ ಮುಖದಿಂದ, ನಡತೆಯಿಂದ ಗುರುತು ಹಿಡಿದು ಹೆಸರಿಟ್ಟಳು. ಒಂದೊಂದು ಹಕ್ಕಿಯೂ ಒಂದೊಂದು ವ್ಯಕ್ತಿ ಎಂದು ಹೇಳುವ ಅವಳ ಪುಸ್ತಕ 1952ರಲ್ಲಿ ಬಂತು. ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಸತ್ತಾಗ ಏನ್ ಮಾಡ್ತಿದ್ಲಂತೆ?"

ಕರಿಯ ಹೋದ ವರ್ಷವೇ ನಮ್ಮ ಜಿಲ್ಲೆಯಲ್ಲಿ ಹಕ್ಕಿಗಳ ಸಾವಿನ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. 2017ರ ಕೊನೆಯಿಂದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಮರದಿಂದ ಬೀಳುತ್ತಿದ್ದವು. ಹೊಟ್ಟೆಯಲ್ಲಿ ಜಂತುಹುಳುಗಳ ಹಾವಳಿ ಕಂಡುಬಂದಿತ್ತು. ಸುದ್ದಿ ಓದಿಸಿ ಕೇಳಿದ ಅತ್ತೆ ಆ ಊರು ನೋಡಬೇಕೆಂದು ಹಟ ಹಿಡಿದರು. ಮರುವರ್ಷ ಗೂಡು ಕಟ್ಟುವ ಕಾಲಕ್ಕೆ ಕರೆದುಕೊಂಡು ಹೋದೆವು.

ಅದು ಶಿಂಷಾ ನದಿಯ ಹತ್ತಿರದ ಸಾಧಾರಣ ಹಳ್ಳಿ. ಹುಣಿಸೆಮರಗಳ ತುದಿಯಲ್ಲಿ, ಮನೆಗಳ ನೆತ್ತಿಯ ಮೇಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರಿನವರಿಗೆ ಅದೇನೂ ಹೊಸದಾಗಿರಲಿಲ್ಲ. ಮರದ ಕೆಳಗಿನ ಹಿಕ್ಕೆ ಹೊಲಕ್ಕೆ ಗೊಬ್ಬರ, ಹುಣಿಸೆ ಫಸಲು ಹಕ್ಕಿಗಳಿಗಾಗಿ ಬಿಟ್ಟುಕೊಟ್ಟದ್ದಕ್ಕೆ ಅರಣ್ಯ ಇಲಾಖೆಯ ಪರಿಹಾರ. ಮೈಸೂರಿನ ಪಕ್ಷಿಪ್ರಿಯ ಕೆ. ಮನು ಅವರ ಒತ್ತಾಸೆಯಲ್ಲಿ ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಆದರೆ ಅತ್ತೆ ನಿಂತು ನೋ‌ಡಿದ್ದು ಬೇರೆ: ಗೂಡಿನಿಂದ ಬಿದ್ದ ಮರಿಗಳಿಗೆಂದೇ ಹಾಕಿದ ಬೇಲಿ. ಅಷ್ಟೆತ್ತರದಿಂದ ಬಿದ್ದದ್ದನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಉಳಿಯುವುದೂ ಉಂಟು, ಉಳಿಯದ್ದೂ ಉಂಟು.

ಒಬ್ಬ ಹಿರಿಯ ಹೆಂಗಸು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಇವು ಎಂದು ಆ ಊರಿನಲ್ಲಿ ಎಲ್ಲರೂ ಹೇಳುವ ಮಾತನ್ನು ಅವರೂ ಹೇಳಿದರು. ಅತ್ತೆ ನೇರವಾಗಿ ಕೇಳಿದರು, "ಹೋದ ವರ್ಷ ಸಾಯ್ತಾ ಇದ್ವಲ್ಲ, ಎಂಗೆ ತಡ್ಕೊಂಡ್ರಿ?" ಆಕೆ, "ಏನ್ ತಡ್ಕೊಳ್ಳೋದವ್ವ, ಮುಸ್ಸಂಜೆ ಆದ್ರೆ ಇನ್ಯಾವ್ದು ಬಿದ್ದದೋ ಅಂತ ಎದೆ ಹೊಡ್ಕೊತಿತ್ತು. ಈ ವರ್ಷ ಬರಾಗಂಟ ಮರದ ಕಡೆ ತಲೆ ಎತ್ತಿ ನೋಡಿರ್ಲಿಲ್ಲ" ಅಂದರು. ಇಬ್ಬರೂ ಬಹಳ ಹೊತ್ತು ಕೂತು ಮಾತಾಡಿದರು, ಹಕ್ಕಿಯದಕ್ಕಿಂತ ಸಂಸಾರದ್ದೇ ಜಾಸ್ತಿ. ವಾಪಸು ಬರುವಾಗ ಕಾರಿನಲ್ಲಿ ಅತ್ತೆಯ ಮುಖ ಎಷ್ಟೋ ತಿಳಿಯಾಗಿತ್ತು. ಯಾರೂ ಅವರಿಗೆ ಅಲ್ಲಿ ಸಮಾಧಾನ ಹೇಳಿರಲಿಲ್ಲ. ಇಷ್ಟೊಂದಾ ಎಂದು ಕೇಳದ ಜನ ಸಿಕ್ಕಿದ್ದರು.

ನಾನು ರಂಗನತಿಟ್ಟನ್ನು ನೋಡುವ ಬಗೆಯೂ ಬದಲಾಗಿದೆ. ಆ ಜಾಗ 1940ರಲ್ಲಿ ಪಕ್ಷಿಧಾಮವಾದದ್ದು, ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ಅರಸರ ಸರ್ಕಾರದ ಮನವೊಲಿಸಿದ್ದರಿಂದ. ಅವರಿಗೆ ಹಕ್ಕಿಗಳ ಹುಚ್ಚು ಹಿಡಿದದ್ದು ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ, ಆಟದ ಬಂದೂಕಿನಿಂದ ತಾವೇ ಹೊಡೆದು ಕೆಡವಿದ ಒಂದು ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತು ಕಂಡು, ಇದು ಯಾವುದೆಂದು ತಿಳಿಯಲು ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದಾಗ. ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯ ಹೆಸರನ್ನೇ ಇಟ್ಟರು. ಅಂಗೈಯಲ್ಲಿದ್ದ ಒಂದು ಸತ್ತ ಹಕ್ಕಿಯನ್ನು ಆ ಹುಡುಗ ಸರಿಯಾಗಿ ನೋಡದೆ ಎಸೆದಿದ್ದರೆ ಶ್ರೀರಂಗಪಟ್ಟಣದ ನಡುಗಡ್ಡೆಗಳ ಗತಿ ಏನಾಗುತ್ತಿತ್ತೋ. 2019ರ ಆಗಸ್ಟಿನಲ್ಲಿ ಕೆ.ಆರ್.ಎಸ್.ನಿಂದ ಲಕ್ಷಕ್ಕೂ ಮೀರಿ ಕ್ಯೂಸೆಕ್ ನೀರು ಬಿಟ್ಟು ಆ ನಡುಗಡ್ಡೆಗಳು ಮುಳುಗಿದಾಗ, ಪತ್ರಿಕೆಯಲ್ಲಿ ಗೂಡುಗಳ ಸುದ್ದಿ ಓದುತ್ತ ನನಗೆ ಗುಂಪು ಕಾಣಲಿಲ್ಲ. ಒಂದೊಂದು ಗೂಡಿನ ಹತ್ತಿರ ಒಂದೊಂದು ಹಕ್ಕಿ ಕಂಡಿತು.

ಕೊರೋನಾ ಕಳೆದ ಮೇಲೆ ಕಲ್ಲುಮಣ್ಣಿನ ಗೋಡೆ ಕುಸಿಯುತ್ತ ಬಂದಿದ್ದರಿಂದ ಸಿಮೆಂಟು ಇಟ್ಟಿಗೆಯಲ್ಲಿ ಹೊಸದಾಗಿ ಕಟ್ಟಿಸಿದೆವು. ಗಾರೆ ಕೆಲಸದವನಿಗೆ ಅತ್ತೆ ತಮ್ಮ ಮುಷ್ಟಿ ತೋರಿಸಿ ಇಷ್ಟಗಲದ ತೂತು ಬಿಡಬೇಕೆಂದರು. "ಹಾವು ಸೇರ್ಕೊಂಡ್ರೆ ಅಜ್ಜಿ?" ಎಂದು ಅವನು. ವಾದ ನಡೆದು, ಆಳೆತ್ತರಕ್ಕಿಂತ ಮೇಲೆ, ಹಿಂಬದಿ ಮುಚ್ಚಿದ ಒಂದು ಪೈಪಿನ ತುಂಡನ್ನು ಗೋಡೆಯೊಳಗೆ ಕೂರಿಸಿ, ಮಳೆನೀರು ಇಳಿಯದಂತೆ ಮುಂದಕ್ಕೆ ಸ್ವಲ್ಪ ಓರೆ ಮಾಡಿದ. ಮೊದಲ ವರ್ಷ ಅದರೊಳಗೆ ಇರುವೆ ತುಂಬಿದವು. ಆಮೇಲಿನ ಬೇಸಿಗೆಯಲ್ಲಿ ಬೂದು ಬಣ್ಣದ ಹೆಣ್ಣೊಂದು ಬಾಯಲ್ಲಿ ತೆಂಗಿನ ನಾರು ಕಚ್ಚಿಕೊಂಡು ಒಳಗೆ ಹೋಗಿದ್ದನ್ನು ನಾನೇ ನೋಡಿದೆ.

ಈಗಿನ ಗಂಡು ಮೆಟ್ಟಿಲವರೆಗೆ ಬರುತ್ತಾನೆ, ಕೈಗೆ ಬರುವುದಿಲ್ಲ. ನಾವೂ ಹುಳುವನ್ನು ಅಲ್ಲಿಗೇ ಹಾಕುತ್ತೇವೆ. ಅತ್ತೆಗೆ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಇವನು ಹಾಡಿನ ನಡುವೆ ಸಿಂಪಿಗನ ಟುವ್ವಿಟುವ್ವಿಯನ್ನು ತೂರಿಸುತ್ತಾನೆ ಎಂದು ಮೊದಲು ಕಂಡುಹಿಡಿದವರು ಅವರೇ. ಹೆಸರು ಮಾತ್ರ ಇನ್ನೂ ಇಟ್ಟಿಲ್ಲ.